ಸರಪಳಿ ಪುಸ್ತಕಕ್ಕೋ, ಓದುಗನಿಗೋ?

ಗ್ರಂಥಾಲಯದ ಸುರಕ್ಷತೆ ಅಂದರೇನು? ಈ ಮಾತು ಎದ್ದಾಗಲೆಲ್ಲ ವಿಶ್ವವಿದ್ಯಾಲಯಗಳ ದೊಡ್ಡವರು ಬೀಗ, ಕಾವಲುಗಾರ, ಗುರುತಿನ ಚೀಟಿ, ಕ್ಯಾಮೆರಾ ಅಂತ ಪಟ್ಟಿ ಓದ್ತಾರೆ. ಇವು ಬೇಡವೇ ಬೇಡ ಅಂತ ನಾವು ಹೇಳುವುದಿಲ್ಲ. ಆದರೆ ಯಾರಿಂದ ಯಾರನ್ನು ಕಾಯಬೇಕು? ಈ ಪ್ರಶ್ನೆಯನ್ನು ಮೊದಲು ಕೇಳಬೇಕು. ಉತ್ತರ ಚರಿತ್ರೆಯಲ್ಲೇ ಬಿದ್ದಿದೆ.

ಇಂಗ್ಲೆಂಡಿನ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಬಾಡ್ಲಿಯನ್ ಗ್ರಂಥಾಲಯ ಬಾಗಿಲು ತೆರೆದದ್ದು 1602ರಲ್ಲಿ. ದೊಡ್ಡ ದೊಡ್ಡ ಪುಸ್ತಕಗಳನ್ನೆಲ್ಲ ಅಲ್ಲಿ ಕಬ್ಬಿಣದ ಸರಪಳಿಯಿಂದ ಕಪಾಟಿಗೆ ಬಿಗಿದಿದ್ದರು, ದನವನ್ನು ಗೂಟಕ್ಕೆ ಕಟ್ಟಿದ ಹಾಗೆ. ಓದುಗನ ಕೈಯನ್ನು ಅಷ್ಟು ಅನುಮಾನಿಸಿದರು. ಆದರೆ ಅದೇ ಜಾಗದಲ್ಲಿ ಮೊದಲಿದ್ದ ಗ್ರಂಥಾಲಯವನ್ನು ಬರಿದು ಮಾಡಿದವರು ಯಾರು? ಕಳ್ಳರಲ್ಲ, ಬಡ ವಿದ್ಯಾರ್ಥಿಗಳೂ ಅಲ್ಲ. 1550ರಲ್ಲಿ ಹಳೆ ಮತದ ಕುರುಹು ಅಳಿಸಲು ಬಂದ ರಾಜನ ಅಧಿಕಾರಿಗಳು. ಪುಸ್ತಕ ಹೋದ ಮೇಲೆ 1556ರಲ್ಲಿ ಅಲ್ಲಿನ ಪೀಠೋಪಕರಣಗಳೂ ಮಾರಾಟವಾದವು. ಒಡೆಯನೇ ಲೂಟಿ ಮಾಡಿದ, ಸರಪಳಿ ಬಿದ್ದದ್ದು ಓದುಗನ ಹೆಸರಿನಲ್ಲಿ!

ಆದರೂ ಆ ಗ್ರಂಥಾಲಯದಿಂದ ಕಲಿಯುವ ಮಾತೊಂದಿದೆ. ಪುಸ್ತಕ ಹೊರಗೆ ಹೋಗಬಾರದು ಅನ್ನೋ ನಿಯಮ ಅಲ್ಲಿತ್ತು. 1645ರಲ್ಲಿ, ಅಂತರ್ಯುದ್ಧದ ಕಾಲದಲ್ಲಿ, ದೊರೆ ಒಂದನೇ ಚಾರ್ಲ್ಸ್ ಒಂದು ಪುಸ್ತಕ ತರಿಸಿಕೊಡಿ ಅಂತ ಕೇಳಿದ. ದೊರೆಯ ಠಾಣ್ಯ ಆಗ ಆಕ್ಸ್‌ಫರ್ಡಿನಲ್ಲೇ ಇತ್ತು. ಗ್ರಂಥಪಾಲಕ ಒಲ್ಲೆ ಅಂದ. ದೊರೆಗೂ ಒಂದೇ, ಓದುಗನಿಗೂ ಒಂದೇ. ದೊರೆಗೂ ತಗಲುವ ನಿಯಮ ರಕ್ಷಣೆಯ ನಿಯಮ. ಕೆಳಗಿನವನ ಮೇಲೆ ಮಾತ್ರ ಬೀಳುವ ನಿಯಮ ಬರೀ ಬೇಲಿ.

ಬೆಲ್ಜಿಯಂ ದೇಶದ ಲೂವೆನ್ ವಿಶ್ವವಿದ್ಯಾಲಯದ ಕತೆ ಇನ್ನೂ ಘೋರ. 1914ರ ಆಗಸ್ಟ್ 25ರ ರಾತ್ರಿ ಜರ್ಮನ್ ಸೈನ್ಯ ಅದರ ಗ್ರಂಥಾಲಯಕ್ಕೆ ಬೆಂಕಿ ಇಟ್ಟಿತು. ಸುಮಾರು 3 ಲಕ್ಷ ಪುಸ್ತಕಗಳು ಬೂದಿಯಾದವು. 1919ರ ವರ್ಸೇಲ್ಸ್ ಒಪ್ಪಂದದಲ್ಲಿ ಜರ್ಮನಿ ಬದಲಿ ಪುಸ್ತಕ ಕೊಡಬೇಕೆಂದು ಬರೆಸಿದರು. ಹೊಸ ಕಟ್ಟಡ 1928ರಲ್ಲಿ ಎದ್ದು ನಿಂತಿತು. 1940ರ ಮೇ ತಿಂಗಳಲ್ಲಿ, ಮತ್ತೊಂದು ಯುದ್ಧದಲ್ಲಿ, ಅದೂ ಸುಟ್ಟುಹೋಯಿತು. ಈ ಸಲ ಸುಮಾರು 9 ಲಕ್ಷ ಪುಸ್ತಕಗಳು. ಬಾಗಿಲಲ್ಲಿ ಚೀಲ ತಡಕುವ ಕಾವಲುಗಾರ ಇದನ್ನು ತಡೆಯಬಲ್ಲನೇನು?

ತಡೆಯಬಹುದಾದ ಬೆಂಕಿಯೂ ಇದೆ. 2021ರ ಏಪ್ರಿಲ್ 18ರಂದು ದಕ್ಷಿಣ ಆಫ್ರಿಕಾದ ಕೇಪ್‌ಟೌನಿನಲ್ಲಿ ಗುಡ್ಡದ ಕಾಳ್ಗಿಚ್ಚು ವಿಶ್ವವಿದ್ಯಾಲಯದ ಜ್ಯಾಗರ್ ವಾಚನಾಲಯಕ್ಕೆ ಹಬ್ಬಿತು. ಆಫ್ರಿಕಾ ಅಧ್ಯಯನದ ಸುಮಾರು 70,000 ಮುದ್ರಿತ ಕೃತಿಗಳಲ್ಲಿ ಬಹುಪಾಲು ಹೋದವು. ಆಳುವವರು ಬರೆಯದೆ ಬಿಟ್ಟ ಒಂದು ಖಂಡದ ನೆನಪು ಅದು. ಆದರೆ ಬೆಂಕಿ ತಡೆಯುವ ಬಾಗಿಲುಗಳು ತಾವಾಗಿ ಇಳಿದು ಉರಿ ಉಳಿದ ಕಡೆ ಹರಡಲಿಲ್ಲ. ನೆಲಮಾಳಿಗೆಯಲ್ಲಿ ನೀರಲ್ಲಿ ನೆಂದ ಕಾಗದಪತ್ರಗಳನ್ನು ಸ್ವಯಂಸೇವಕರು ವಾರಗಟ್ಟಲೆ ಹೊತ್ತು ಹೊರಗೆ ತಂದರು. ಒಳ್ಳೆ ಬಾಗಿಲೂ ಬೇಕು, ಪುಸ್ತಕ ನಮ್ಮದು ಅನ್ನೋ ಜನವೂ ಬೇಕು. ಹೊರಗೇ ನಿಲ್ಲಿಸಿದ ಜನ ಬೆಂಕಿ ಬಿದ್ದಾಗ ಯಾಕೆ ಓಡಿ ಬರ್ತಾರೆ?

ನಮ್ಮ ದೇಶಕ್ಕೆ ಬರೋಣ. ಎಸ್.ಆರ್. ರಂಗನಾಥನ್ 1924ರಲ್ಲಿ ಮದ್ರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. ಕಪಾಟುಗಳನ್ನು ಓದುಗರಿಗೆ ತೆರೆದಿಟ್ಟರು. 1931ರಲ್ಲಿ ಐದು ಸೂತ್ರಗಳ ಪುಸ್ತಕ ಬರೆದು, ಬಳಕೆಯನ್ನೇ ಮೊದಲ ಸೂತ್ರ ಮಾಡಿದರು. 1962ರಲ್ಲಿ ಬೆಂಗಳೂರಿನಲ್ಲಿ ಗ್ರಂಥಾಲಯ ವಿಜ್ಞಾನದ ಕೇಂದ್ರ ಕಟ್ಟಿದವರೂ ಅವರೇ. ಆದರೆ ತೆರೆದ ಕಪಾಟಿನ ಮುಂದೆ ಮುಚ್ಚಿದ ಬಾಗಿಲು ಉಳಿದೇ ಇತ್ತು. 2014ರಲ್ಲಿ ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯದ ಮಹಿಳಾ ಕಾಲೇಜಿನ ಪದವಿ ವಿದ್ಯಾರ್ಥಿನಿಯರಿಗೆ ಮುಖ್ಯ ಗ್ರಂಥಾಲಯಕ್ಕೆ ಪ್ರವೇಶವಿರಲಿಲ್ಲ. ಯಾಕೆ? ಜಾಗ ಸಾಲದು, ಹೆಣ್ಣುಮಕ್ಕಳು ಬಂದರೆ ಗಂಡುಹುಡುಗರ ಗುಂಪು ಹೆಚ್ಚುತ್ತದೆ ಅಂದರು. ಕೊನೆಗೆ ಅಲಹಾಬಾದ್ ಹೈಕೋರ್ಟು ನಡುವೆ ಬರಬೇಕಾಯಿತು. ತಪ್ಪು ಮಾಡುವವನನ್ನು ತಡೆಯದೆ ಓದಬಂದವಳನ್ನೇ ತಡೆಯೋದು ಎಂಥಾ ಭದ್ರತೆ? ಅಕ್ಷರದ ಮನೆ ಹೊಸ್ತಿಲಲ್ಲಿ ತಲೆತಲಾಂತರ ನಿಂತ ನಮಗೆ ಈ ನ್ಯಾಯ ಹೊಸದಲ್ಲ.

ಇನ್ನು 2019ರ ಡಿಸೆಂಬರ್ 15. ಪೌರತ್ವ ಕಾಯ್ದೆಯ ವಿರುದ್ಧ ಚಳವಳಿ ನಡೆದಿತ್ತು. ದಿಲ್ಲಿಯ ಜಾಮಿಯಾ ಮಿಲ್ಲಿಯಾ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಪೊಲೀಸರು ನುಗ್ಗಿ ಲಾಠಿ ಬೀಸಿದರು. ತಮ್ಮ ಅನುಮತಿ ಪಡೆದಿರಲಿಲ್ಲ ಅಂತ ವಿಶ್ವವಿದ್ಯಾಲಯವೇ ಹೇಳಿತು. ಒಬ್ಬ ಕಾನೂನು ವಿದ್ಯಾರ್ಥಿಯ ಒಂದು ಕಣ್ಣಿನ ದೃಷ್ಟಿ ಹೋಯಿತು. ಓದುವ ಕಣ್ಣು! ವಿದ್ಯಾರ್ಥಿಗಳ ಮೇಲೆ ನಿಗಾ ಇಡಲು ಹಾಕುವ ಕ್ಯಾಮೆರಾಗಳಲ್ಲೇ ಆ ಲಾಠಿಗಳೂ ದಾಖಲಾಗಿ 2020ರ ಫೆಬ್ರವರಿಯಲ್ಲಿ ಜನರ ಮುಂದೆ ಬಂದವು.

ಇಷ್ಟೆಲ್ಲ ನೋಡಿದ ಮೇಲೆ ನಮ್ಮ ಬೇಡಿಕೆ ಸರಳ. ಬೆಂಕಿ ತಡೆಯುವ ಬಾಗಿಲು, ಒಳಗಿನಿಂದ ತಳ್ಳಿದರೆ ತೆರೆಯುವ ದಾರಿ, ಸರಿಯಾದ ವಿದ್ಯುತ್ ತಂತಿ ಬೇಕು. ರಾತ್ರಿ ಓದುವ ಹೆಣ್ಣುಮಗಳಿಗೆ ಹಾಸ್ಟೆಲಿನ ತನಕ ದೀಪ ಬೇಕು, ಗಂಟೆ ಹೊಡೆದು ಕೂಡಿಹಾಕುವ ಕಟ್ಟಳೆಯಲ್ಲ. ಕಾವಲುಗಾರನಿಗೆ ಸರಿಯಾದ ಸಂಬಳ ಬೇಕು. ಅವನೂ ನಮ್ಮವನೇ, ಅವನ ಮಕ್ಕಳೂ ಒಳಗೆ ಕೂತು ಓದಬೇಕು. ಕ್ಯಾಮೆರಾದ ಚಿತ್ರ ಯಾರ ಕೈಲಿರ್ತದೆ, ಎಷ್ಟು ದಿನ ಇರ್ತದೆ ಅನ್ನೋದು ವಿದ್ಯಾರ್ಥಿಗಳಿಗೆ ಗೊತ್ತಿರಬೇಕು. ಎಲ್ಲಕ್ಕಿಂತ ಮೊದಲು, ಲಾಠಿ ಹಿಡಿದ ಕೈ ಓದುವ ಕೋಣೆಯ ಹೊಸ್ತಿಲು ದಾಟಬಾರದು.

ಪುಸ್ತಕ ಕದ್ದ ಹುಡುಗನಿಗೆ ದಂಡ ಹಾಕಿ, ಒಪ್ಪಿಕೊಳ್ಳೋಣ. ಗ್ರಂಥಾಲಯ ಸುಟ್ಟವರಿಗೆ, ಓದುಗನ ಕಣ್ಣು ತೆಗೆದವರಿಗೆ ಯಾವ ದಂಡ? ಅದನ್ನೂ ನಿಯಮದ ಪುಸ್ತಕದಲ್ಲಿ ಬರೆಯಿರಿ.