ಎಕ್ಸ್-10: ತಂತಿಯಲ್ಲಿ ಕಳೆದುಹೋಗುವ ಸಂದೇಶ

ಮನೆಯ ವಿದ್ಯುತ್ ತಂತಿಯ ಮೂಲಕವೇ ದೀಪಗಳಿಗೆ ಆಜ್ಞೆ ಕಳುಹಿಸುವ ಎಕ್ಸ್-10 ವ್ಯವಸ್ಥೆಯನ್ನು 1975ರಲ್ಲಿ ಸ್ಕಾಟ್ಲೆಂಡಿನ ಪಿಕೊ ಎಲೆಕ್ಟ್ರಾನಿಕ್ಸ್ ಸಂಸ್ಥೆ ರೂಪಿಸಿತು. ಅಮೆರಿಕದ ನಮ್ಮ ಮನೆಯಲ್ಲಿ, ವಯಸ್ಸಾದ ತಾಯಿಯವರು ರಾತ್ರಿ ಇಳಿಯುವ ಮೆಟ್ಟಿಲಿನ ದೀಪ ಇದನ್ನೇ ನೆಚ್ಚಿಕೊಂಡಿದೆ. ಆದ್ದರಿಂದ ಇದರ ದೋಷ ನನಗೆ ಬರಿಯ ಹವ್ಯಾಸದ ವಿಷಯವಲ್ಲ.

60 ಹರ್ಟ್ಸ್ ವಿದ್ಯುತ್ತಿನ ಅಲೆ ಶೂನ್ಯವನ್ನು ದಾಟುವಾಗ, 120 ಕಿಲೋಹರ್ಟ್ಸ್‌ನ ಸಂಕೇತವೊಂದು ಸುಮಾರು ಒಂದು ಮಿಲಿಸೆಕೆಂಡು ತಂತಿಯಲ್ಲಿ ಹರಿಯುತ್ತದೆ. ಇದನ್ನು ಕೆಡಿಸುವವು ಎರಡು ಬಗೆ. ಕೆಲವು ಚಾರ್ಜರುಗಳು, ಸಿಎಫ್‌ಎಲ್ ದೀಪಗಳು ಗದ್ದಲವೆಬ್ಬಿಸಿ ಸಂಕೇತವನ್ನು ಮುಚ್ಚಿಹಾಕುತ್ತವೆ. ಅದನ್ನು ಸದ್ದಿಲ್ಲದೆ ನುಂಗುವ ಉಪಕರಣಗಳೇ ಹೆಚ್ಚು ಕಪಟಿಗಳು. ಟಿವಿ, ಕಂಪ್ಯೂಟರ್, ಸರ್ಜ್ ಪ್ರೊಟೆಕ್ಟರುಗಳೊಳಗಿನ ಕೆಪಾಸಿಟರ್ ಈ ಆವರ್ತನಕ್ಕೆ ಸಲೀಸಾದ ಅಡ್ಡದಾರಿ. ಉಪಕರಣವನ್ನು ಆರಿಸಿದ್ದರೂ ಅದು ನುಂಗುತ್ತಲೇ ಇರಬಹುದು. ಪ್ಲಗ್ಗನ್ನು ಕಿತ್ತೇ ನೋಡಬೇಕು.

ದೀಪ ಮತ್ತು ನಿಯಂತ್ರಕದ ಸರ್ಕ್ಯೂಟುಗಳನ್ನುಳಿದು ಮಿಕ್ಕ ಬ್ರೇಕರುಗಳನ್ನು ಒಂದೊಂದಾಗಿ ಆರಿಸುತ್ತ ಬನ್ನಿ. ಯಾವುದನ್ನು ಆರಿಸಿದಾಗ ದೀಪ ಮಾತು ಕೇಳುವುದೋ, ಆ ಸಾಲಿನ ಪ್ಲಗ್ಗುಗಳಲ್ಲೇ ಅಪರಾಧಿಯಿದೆ. ನನಗೆ ಸಿಕ್ಕಿದ್ದು ಟಿವಿಯ ಹಿಂದಿನ ಸರ್ಜ್ ಪ್ರೊಟೆಕ್ಟರ್. ಅದಕ್ಕೂ ಗೋಡೆಗೂ ನಡುವೆ ಎಕ್ಸ್-10 ಫಿಲ್ಟರ್ ಇಟ್ಟರೆ ಸಾಕಾಯಿತು.

ವಿದ್ಯುತ್ ಒಲೆ ಉರಿಯುವಾಗ ಮಾತ್ರ ದೀಪ ಬೆಳಗಿದರೆ ಭೂತಚೇಷ್ಟೆಯೆನ್ನಬೇಡಿ. ಇಲ್ಲಿನ ಮನೆಗಳಿಗೆ 120 ವೋಲ್ಟಿನ ಎರಡು ಕವಲುಗಳು ಬರುತ್ತವೆ. 240 ವೋಲ್ಟಿನ ಒಲೆ ಅವುಗಳ ನಡುವೆ ಸಂಕೇತಕ್ಕೆ ಸೇತುವೆಯಾಗುತ್ತದೆ. ಶಾಶ್ವತ ಸೇತುವೆಗೆ ಫೇಸ್ ಕಪ್ಲರ್ ಬೇಕು. ಅದನ್ನು ಪ್ಯಾನೆಲ್ಲಿಗೆ ಜೋಡಿಸುವ ಕೆಲಸ ಪರವಾನಗಿಯುಳ್ಳ ಎಲೆಕ್ಟ್ರಿಷಿಯನ್ನರದು.