ಕಾರಿನೊಳಗಿನ ಮಾತುಕತೆ ನಿಂತಾಗ

ಓಡುತ್ತಿರುವ ಕಾರಿನ ಫಲಕದಲ್ಲಿ ಮೂರು ನಾಲ್ಕು ಎಚ್ಚರಿಕೆ ದೀಪಗಳು ಒಮ್ಮೆಗೇ ಹೊತ್ತಿಕೊಳ್ಳುವುದನ್ನು ನೀವು ನೋಡಿರಬಹುದು. ಎಂಜಿನ್, ಬ್ರೇಕ್, ಸ್ಟಿಯರಿಂಗ್ ಎಲ್ಲವೂ ಒಂದೇ ಗಳಿಗೆಯಲ್ಲಿ ಕೆಡುತ್ತವೆಯೇ? ಅದು ತೀರ ಅಪರೂಪ. ಅನೇಕ ವೇಳೆ ಕೆಟ್ಟಿರುವುದು ಅವುಗಳ ನಡುವಿನ ಮಾತುಕತೆ. ಅದನ್ನು ಪತ್ತೆ ಹಚ್ಚುವ ವಿಧಾನ ಓಮನ ನಿಯಮ ಕಲಿತ ಯಾವ ವಿದ್ಯಾರ್ಥಿಗೂ ಎಟಕುವಂಥದು.

ಎಲೆಕ್ಟ್ರಾನಿಕ್ ನಿಯಂತ್ರಣ ಘಟಕಗಳು ಕಾರಿನೊಳಗೆ ಬಂದಾಗ ಒಂದು ತೊಡಕು ಎದುರಾಯಿತು. ಪ್ರತಿಯೊಂದು ಘಟಕವೂ ಇನ್ನೊಂದರೊಡನೆ ನೇರವಾಗಿ ಮಾತಾಡಬೇಕಾದರೆ 10 ಘಟಕಗಳಿಗೆ 10×9/2, ಅಂದರೆ 45 ಸಂಪರ್ಕಗಳು ಬೇಕು. 20 ಘಟಕಗಳಿಗೆ 190! ಜರ್ಮನಿಯ ಬಾಷ್ ಕಂಪನಿ 1983ರಲ್ಲಿ ಇದಕ್ಕೆ ಪರಿಹಾರ ಹುಡುಕಲಾರಂಭಿಸಿತು. ಬೆಂಗಳೂರಿಗರಿಗೆ 'ಮೈಕೊ' ಎಂದು ಪರಿಚಿತವಾಗಿದ್ದು, 2008ರಲ್ಲಿ ಬಾಷ್ ಲಿಮಿಟೆಡ್ ಎಂಬ ಹೆಸರು ಪಡೆದ ಸಂಸ್ಥೆಯ ಮಾತೃ ಕಂಪನಿ ಇದೇ. 1986ರ ಫೆಬ್ರವರಿಯಲ್ಲಿ ಅಮೆರಿಕದ ಡೆಟ್ರಾಯಿಟ್‌ನಲ್ಲಿ ನಡೆದ ಎಂಜಿನಿಯರುಗಳ ಸಮ್ಮೇಳನದಲ್ಲಿ ಉವೆ ಕೀನ್ಕೆ ಮತ್ತು ಸಂಗಡಿಗರ 'ಕಂಟ್ರೋಲರ್ ಏರಿಯಾ ನೆಟ್‌ವರ್ಕ್' (ಕ್ಯಾನ್) ಬೆಳಕಿಗೆ ಬಂತು. 1987ರಲ್ಲಿ ಇಂಟೆಲ್ ಇದಕ್ಕಾಗಿ ಮೊದಲ ಚಿಪ್ ಹೊರತಂದಿತು. 1993ರಲ್ಲಿ ಇದು ಐಎಸ್ಒ 11898 ಎಂಬ ಅಂತರರಾಷ್ಟ್ರೀಯ ಮಾನಕವಾಯಿತು.

ಇದರ ಸೊಬಗು ಸರಳತೆಯಲ್ಲಿದೆ. ಹೆಣೆದ ಒಂದು ಜೊತೆ ತಂತಿ. ಅದಕ್ಕೆ ಎಲ್ಲ ಘಟಕಗಳ ಜೋಡಣೆ. ಸುಮ್ಮನಿದ್ದಾಗ ಎರಡೂ ತಂತಿಗಳ ವಿಭವ ಸುಮಾರು 2.5 ವೋಲ್ಟ್. '0' ಕಳಿಸುವಾಗ ಒಂದು 3.5ಕ್ಕೆ ಏರುತ್ತದೆ, ಇನ್ನೊಂದು 1.5ಕ್ಕೆ ಇಳಿಯುತ್ತದೆ. ಗ್ರಾಹಕ ಗಮನಿಸುವುದು ಇವುಗಳ ವ್ಯತ್ಯಾಸವನ್ನು ಮಾತ್ರ. ಹೊರಗಿನ ವಿದ್ಯುತ್ ಗದ್ದಲ ಎರಡೂ ತಂತಿಗಳನ್ನು ಒಂದೇ ಬಗೆಯಲ್ಲಿ ತಟ್ಟುವುದರಿಂದ ವ್ಯತ್ಯಾಸ ಬದಲಾಗುವುದಿಲ್ಲ. ಇಬ್ಬರು ಒಟ್ಟಿಗೆ ಮಾತು ಆರಂಭಿಸಿದರೆ? '1' ಕಳಿಸಿದ ಘಟಕ ತಂತಿಯ ಮೇಲೆ '0' ಕಂಡೊಡನೆ ಹಿಂದೆ ಸರಿಯುತ್ತದೆ. ಹೆಚ್ಚು ತುರ್ತಿನ ಸಂದೇಶ ಒಂದಿಷ್ಟೂ ಕೆಡದೆ ಮುಂದುವರಿಯುತ್ತದೆ.

ತಂತಿಯ ತುದಿಯಲ್ಲಿ ಸ್ಪಂದ ಪ್ರತಿಫಲಿಸಿ ಹಿಂತಿರುಗಿದರೆ ಸಂದೇಶ ಕಲಸಿಹೋಗುತ್ತದೆ. ಗೋಡೆಗೆ ಕಟ್ಟಿದ ಹಗ್ಗದ ಅಲೆಯನ್ನು ನೆನಪಿಸಿಕೊಳ್ಳಿ. ಇದನ್ನು ತಡೆಯಲು ಎರಡೂ ತುದಿಗಳಲ್ಲಿ 120 ಓಮ್ ರೋಧಕಗಳಿರುತ್ತವೆ. ಸಮಾಂತರ ಜೋಡಣೆಯಲ್ಲಿ ಇವುಗಳ ರೋಧ 60 ಓಮ್. ರೋಗಪತ್ತೆಯ ಬೀಗದ ಕೈ ಈ ಸಂಖ್ಯೆಯೇ.

ಅಮೆರಿಕದಲ್ಲಿ 1996ರಿಂದ ಕಾರುಗಳಿಗೆ 16 ಪಿನ್ನುಗಳ ತಪಾಸಣಾ ಸಾಕೆಟ್ ಕಡ್ಡಾಯವಾಯಿತು. 2008ರ ಮಾದರಿಗಳಿಂದ ಅಲ್ಲಿ ತಪಾಸಣೆಗೆ ಕ್ಯಾನ್ ಕಡ್ಡಾಯವಾಯಿತು. ಅದರ ತಂತಿಗಳು 6 ಮತ್ತು 14ನೇ ಪಿನ್ನುಗಳಲ್ಲಿವೆ. ಬ್ಯಾಟರಿಯ ಸಂಪರ್ಕ ತಪ್ಪಿಸಿ ಇವುಗಳ ನಡುವಿನ ರೋಧವನ್ನು ಅಳೆಯಿರಿ. 60 ಓಮ್ ಬಂದರೆ ತುದಿಯಿಂದ ತುದಿಗೆ ಮಾರ್ಗ ಸರಿಯಿದೆ. 120 ಬಂದರೆ ಎಲ್ಲೋ ತಂತಿ ತುಂಡಾಗಿದೆ, ಇಲ್ಲವೆ ಒಂದು ರೋಧಕ ಕಳಚಿದೆ. ಸೊನ್ನೆಯ ಸಮೀಪವಿದ್ದರೆ ಎರಡೂ ತಂತಿಗಳ ನಡುವೆ ಹ್ರಸ್ವಮಂಡಲವಾಗಿದೆ. ಆಗ ಘಟಕಗಳನ್ನು ಒಂದೊಂದಾಗಿ ಕಳಚುತ್ತ ಹೋಗಿ. ಯಾವುದನ್ನು ತೆಗೆದಾಗ ರೋಧ ಮೇಲೇರುತ್ತದೋ ದೋಷ ಅಲ್ಲಿದೆ. ಯಾವುದನ್ನು ತೆಗೆದರೂ ಏರದಿದ್ದರೆ ತಂತಿಯನ್ನೇ ಶಂಕಿಸಬೇಕು. ಒಂದು ಎಚ್ಚರಿಕೆ: ಕೆಲವು ಕಾರುಗಳಲ್ಲಿ ಸಾಕೆಟ್ ಹಿಂದೆ 'ಗೇಟ್‌ವೇ' ಘಟಕವಿರುತ್ತದೆ. ಅಂಥಲ್ಲಿ ಒಳಗಿನ ಮಾರ್ಗಗಳನ್ನು ಬೇರೆಯಾಗಿಯೇ ಅಳೆಯಬೇಕು.

ದೋಷಸಂಕೇತಗಳನ್ನು ಓದುವಾಗಲೂ ವಿವೇಕ ಬೇಕು. ಸಂಪರ್ಕದೋಷದ ಸಂಕೇತಗಳು 'ಯು' ಅಕ್ಷರದಿಂದ ಆರಂಭವಾಗುತ್ತವೆ. ಎಂಜಿನ್ ಘಟಕದಲ್ಲಿ 'ಯು 0121' ದಾಖಲಾಗಿದ್ದರೆ, ಚಕ್ರಗಳು ಲಾಕ್ ಆಗದಂತೆ ತಡೆಯುವ ಬ್ರೇಕ್ ಘಟಕದಿಂದ ಉತ್ತರ ಬರುತ್ತಿಲ್ಲ ಎಂದರ್ಥ. ಇಲ್ಲಿ ದೂರು ಕೊಟ್ಟದ್ದು ಎಂಜಿನ್ ಘಟಕ, ಅದು ರೋಗಿಯಲ್ಲ. ಮೌನವಾಗಿರುವ ಬ್ರೇಕ್ ಘಟಕವೂ ಕೆಟ್ಟಿರಲೇಬೇಕೆಂದಿಲ್ಲ. ಅದರ ಫ್ಯೂಸ್ ಸುಟ್ಟಿರಬಹುದು, ಅರ್ತಿಂಗ್ ತುಕ್ಕು ಹಿಡಿದಿರಬಹುದು. ಇವನ್ನು ನೋಡದೆ ದುಬಾರಿ ಘಟಕವನ್ನೇ ಬದಲಿಸುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ. ಹಣ ಹೋಗುತ್ತದೆ, ದೋಷ ಉಳಿಯುತ್ತದೆ. ಬ್ರೇಕಿನ ವಿಷಯದಲ್ಲಿ ಜೀವಕ್ಕೂ ಅಪಾಯ.

ಅಧ್ಯಾಪಕರೇ, ಎರಡು 120 ಓಮ್ ರೋಧಕಗಳು, ಕೆಲವು ಮೀಟರ್ ಜೋಡಿ ತಂತಿ ಮತ್ತು ಒಂದು ಮಲ್ಟಿಮೀಟರ್ ಸಾಕು. ತಂತಿಯನ್ನು ಎಲ್ಲಾದರೂ ಕತ್ತರಿಸಿ, ಕತ್ತರಿಸಿದ ಜಾಗವನ್ನು ಮುಚ್ಚಿಡಿ. ಅಳತೆಯ ಬಲದಿಂದಲೇ ದೋಷವನ್ನು ಹುಡುಕುವ ಕೆಲಸ ನಿಮ್ಮ ವಿದ್ಯಾರ್ಥಿಗಳದಾಗಲಿ.