ಕೊಲಾಬಾದ ವಿಶ್ವವಿಜ್ಞಾನಿ: ಎಣಿಕೆಗೆ ಸಿಕ್ಕಿದ್ದು, ಸಿಗದಿದ್ದು

ಕೊಲಾಬಾ ಎಂದರೆ ಮುಂಬಯಿಯ ಕನ್ನಡಿಗರಾದ ನಮ್ಮಲ್ಲಿ ಹೆಚ್ಚಿನವರಿಗೆ ಗೇಟ್‌ವೇ, ಸಸೂನ್ ಡಾಕ್‌ನ ಮೀನಿನ ವಾಸನೆ, ಹೆಚ್ಚೆಂದರೆ ಬೆಸ್ಟ್ ಬಸ್ಸಿನ ಕೊನೆಯ ನಿಲ್ದಾಣ. ಅದರಾಚೆಗೆ, ನೇವಿ ನಗರದ ತುದಿಯಲ್ಲಿ, ಕಡಲಿಗೆ ಮುಖಮಾಡಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ನಿಂತಿದೆ. ಅದು ಹುಟ್ಟಿದ್ದು 1945ರಲ್ಲಿ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಎಂಬುದನ್ನು ಇಲ್ಲಿನ ಕನ್ನಡಿಗರು ತುಸು ಹೆಮ್ಮೆಯಿಂದಲೇ ಹೇಳಿಕೊಳ್ಳಬಹುದು. ಅದೇ ವರ್ಷದ ಕೊನೆಗೆ ಹೋಮಿ ಭಾಭಾ ಅದನ್ನು ಮುಂಬಯಿಗೆ ತಂದರು. 1972ರಲ್ಲಿ ಕೇಂಬ್ರಿಜ್ ಬಿಟ್ಟು ಇಲ್ಲಿಗೆ ಬಂದ ಜಯಂತ ನಾರ್ಳೀಕರ್, ಪುಣೆಯ ಐಯುಕಾ ಸಂಸ್ಥೆಯನ್ನು ಕಟ್ಟಲು ಹೊರಡುವವರೆಗೆ, ಒಂದೂವರೆ ದಶಕಕ್ಕೂ ಮಿಕ್ಕಿ ಈ ಕಡಲಂಚಿನಲ್ಲಿಯೇ ವಿಶ್ವದ ಲೆಕ್ಕ ಹಾಕುತ್ತಿದ್ದರು.

2025ರ ಮೇ 20ರಂದು ಅವರು ತೀರಿಕೊಂಡರು. ವಿದ್ವಾಂಸನೊಬ್ಬನ ಬಾಳನ್ನು ಪ್ರಬಂಧಗಳ ಸಂಖ್ಯೆ ಮತ್ತು ಉಲ್ಲೇಖಗಳ ಸಂಖ್ಯೆಗಳಿಂದ ತೂಗುವ ಪದ್ಧತಿ ಈಗ ರೂಢಿಯಾಗಿದೆ. ಯೂಜೀನ್ ಗಾರ್ಫೀಲ್ಡ್ 1964ರಲ್ಲಿ ಹೊರತಂದ ವಿಜ್ಞಾನ ಉಲ್ಲೇಖಸೂಚಿ ಮೊದಲಿಗೆ ಗ್ರಂಥಾಲಯದ ಒಂದು ಉಪಕರಣವಷ್ಟೇ ಆಗಿತ್ತು. 2005ರಲ್ಲಿ ಭೌತವಿಜ್ಞಾನಿ ಹಿರ್ಶ್ ಎಚ್-ಸೂಚ್ಯಂಕವನ್ನು ಸೂಚಿಸಿದ ಮೇಲೆ ಅದು ನೇಮಕ, ಬಡ್ತಿ, ಅನುದಾನಗಳ ತಕ್ಕಡಿಯಾಯಿತು. ಈ ತಕ್ಕಡಿಯಲ್ಲಿ ನಾರ್ಳೀಕರರನ್ನು ಇಟ್ಟು ನೋಡಿದರೆ ಏನು ಕಾಣುತ್ತದೆ, ಏನು ಕಾಣದೆ ಹೋಗುತ್ತದೆ ಎಂಬುದೇ ನಮ್ಮ ಕುತೂಹಲ.

ಆರಂಭವೇ ವಿವಾದದಿಂದ. 1961ರಲ್ಲಿ ಮಾರ್ಟಿನ್ ರೈಲ್ ರೇಡಿಯೋ ಆಕರಗಳನ್ನು ಎಣಿಸಿ, ಫ್ರೆಡ್ ಹಾಯ್ಲ್ ಪ್ರತಿಪಾದಿಸುತ್ತಿದ್ದ ಸ್ಥಿರಸ್ಥಿತಿ ವಿಶ್ವದ ಸಿದ್ಧಾಂತ ಬಿದ್ದುಹೋಯಿತೆಂದು ಸಾರಿದಾಗ, ಹಾಯ್ಲರ ಪರವಾಗಿ ಎದ್ದುನಿಂತವರಲ್ಲಿ ಇಪ್ಪತ್ತೆರಡರ ಹರೆಯದ ಈ ವಿದ್ಯಾರ್ಥಿಯೂ ಇದ್ದರು. ಗುರುಶಿಷ್ಯರು ಆ ವರ್ಷ ಪ್ರಕಟಿಸಿದ ಪ್ರಬಂಧದ ವಾದ ಇದು: ದ್ರವ್ಯವು ವಿಶ್ವದಲ್ಲಿ ಸಮನಾಗಿ ಹರಡಿರದೆ ಬಹಳ ದೊಡ್ಡ ಪ್ರಮಾಣದಲ್ಲಿ ಗುಂಪುಗೂಡಿದ್ದರೆ, ರೈಲ್ ಎಣಿಕೆಯನ್ನು ಬೇರೆಯಾಗಿಯೂ ಅರ್ಥೈಸಬಹುದು. ಗ್ಯಾಲಕ್ಸಿಗಳ ಮಹಾಸಮೂಹಗಳು ಎಲ್ಲರೂ ಒಪ್ಪುವ ಸಂಗತಿಯಾದದ್ದು ಬಹಳ ವರ್ಷಗಳ ಅನಂತರ. ಆ ಹೊತ್ತಿಗೆ 1965ರ ಸೂಕ್ಷ್ಮತರಂಗ ಹಿನ್ನೆಲೆಯ ಶೋಧವು ಮಹಾಸ್ಫೋಟವನ್ನು ಗೆಲ್ಲಿಸಿತ್ತು. ಸೋತ ಪಕ್ಷದ ಪ್ರಬಂಧದೊಳಗೆ ಸರಿಯಾದ ಊಹೆಯೊಂದಿತ್ತೆಂದು ಹುಡುಕಿ ಉಲ್ಲೇಖಿಸುವ ವ್ಯವಧಾನ ಯಾರಿಗಿರುತ್ತದೆ?

1964ರ ಹಾಯ್ಲ್-ನಾರ್ಳೀಕರ್ ಗುರುತ್ವ ಸಿದ್ಧಾಂತವು ಉಲ್ಲೇಖಗೊಂಡಿತು, ಹಲವೊಮ್ಮೆ ಖಂಡನೆಗೆಂದೇ. ಸೂಚಿಗೆ ಒಪ್ಪಿಗೆ, ಖಂಡನೆ ಎರಡೂ ಒಂದೇ; ಅದು ಹೆಸರನ್ನು ಎಣಿಸುತ್ತದೆ, ದನಿಯನ್ನು ಕೇಳುವುದಿಲ್ಲ. 1993ರಲ್ಲಿ ಹಾಯ್ಲ್ ಮತ್ತು ಬರ್ಬಿಜ್ ಜೊತೆಗೂಡಿ ಮುಂದಿಟ್ಟ ಅರೆಸ್ಥಿರಸ್ಥಿತಿ ವಿಶ್ವವನ್ನೂ ಬಹುಪಾಲು ವಿಜ್ಞಾನಿಗಳು ಒಪ್ಪಲಿಲ್ಲ. ಸಾಕ್ಷ್ಯಗಳು ಮಹಾಸ್ಫೋಟದ ಕಡೆಗೇ ಇವೆ ಎಂದು ನಾವೂ ನಂಬುತ್ತೇವೆ. ಆದರೂ ಜನಪ್ರವಾಹದ ಎದುರು ಕೊನೆಯವರೆಗೆ ಲೆಕ್ಕದ ಭಾಷೆಯಲ್ಲಿಯೇ ವಾದಿಸಿದವರನ್ನು ಹಟಮಾರಿ ಎನ್ನಲು ನಮಗೆ ಮನಸ್ಸಾಗದು.

ಶಿಷ್ಯರ ಕಡೆಗೆ ತಿರುಗಿದರೆ ಚಿತ್ರ ಬೇರೆ. ಕೊಲಾಬಾದಲ್ಲಿ ನಾರ್ಳೀಕರರ ಮಾರ್ಗದರ್ಶನದಲ್ಲಿ 1983ರಲ್ಲಿ ಡಾಕ್ಟರೇಟ್ ಪಡೆದ ತಾಣು ಪದ್ಮನಾಭನ್, ವಿಶ್ವಸ್ಥಿರಾಂಕವನ್ನು ಕುರಿತು 2003ರಲ್ಲಿ ಬರೆದ ವಿಮರ್ಶಾಪ್ರಬಂಧ ಸಾವಿರಾರು ಬಾರಿ ಉಲ್ಲೇಖಗೊಂಡಿದೆ. ಆ ಉಲ್ಲೇಖಗಳಲ್ಲಿ ಒಂದೂ ಗುರುವಿನ ಖಾತೆಗೆ ಜಮೆಯಾಗುವುದಿಲ್ಲ.

ಈ ಎಣಿಕೆಯ ವೈಚಿತ್ರ್ಯಕ್ಕೆ ಇನ್ನೆರಡು ನಿದರ್ಶನಗಳಿವೆ. ಪಿ. ಸಿ. ವೈದ್ಯರು ಬನಾರಸಿನಲ್ಲಿ ಜಯಂತರ ತಂದೆ ವಿಷ್ಣು ವಾಸುದೇವ ನಾರ್ಳೀಕರರ ಬಳಿ ಕೆಲಸ ಮಾಡಿ, ಬೆಳಕು ಸೂಸುವ ನಕ್ಷತ್ರದ ಗುರುತ್ವಕ್ಷೇತ್ರವನ್ನು ಕಂಡುಹಿಡಿದರು. 1943ರಲ್ಲಿ ಅದನ್ನು ಪ್ರಕಟಿಸಿದ್ದು ಬೆಂಗಳೂರಿನ ಕರೆಂಟ್ ಸೈನ್ಸ್. ಮುಂದೆ 1947-48ರ ಸುಮಾರಿಗೆ ಅವರೂ ಕೆಲಕಾಲ ಭಾಭಾರ ಸಂಸ್ಥೆಯಲ್ಲಿದ್ದರು. ಕ್ವೇಸಾರ್‌ಗಳು ಪತ್ತೆಯಾದ ಅರವತ್ತರ ದಶಕದಲ್ಲಿ ಜಗತ್ತು ಈ ಪರಿಹಾರದತ್ತ ಕಣ್ಣು ಹೊರಳಿಸಿತು. ಇಂದು ಅದು ವೈದ್ಯ ಮೆಟ್ರಿಕ್ ಎಂಬ ಹೆಸರಿನಿಂದಲೇ ಪ್ರಸಿದ್ಧ; ಹೀಗೆ ಹೆಸರೇ ರೂಢಿಯಾದಾಗ ಮೂಲಪ್ರಬಂಧವನ್ನು ಉಲ್ಲೇಖಿಸುವ ಅಗತ್ಯವೇ ಬೀಳುವುದಿಲ್ಲ. ಆ ಪುಟ್ಟ ಬರಹವನ್ನು ಸಾಪೇಕ್ಷತಾ ವಿಜ್ಞಾನದ ಅಂತರರಾಷ್ಟ್ರೀಯ ಪತ್ರಿಕೆಯೊಂದು 1999ರಲ್ಲಿ ಮರುಮುದ್ರಿಸಿತು.

ಇನ್ನೊಬ್ಬರು ನಮ್ಮವರೇ, ಬೆಂಗಳೂರಿನ ಸಿ. ವಿ. ವಿಶ್ವೇಶ್ವರ. ಕಪ್ಪುಕುಳಿಯನ್ನು ತಟ್ಟಿದರೆ ಅದು ಗಂಟೆಯಂತೆ ಮಿಡಿದು ಸುಮ್ಮನಾಗುತ್ತದೆ ಎಂಬುದನ್ನು ಅವರು 1970ರಲ್ಲಿ ನೇಚರ್ ಪತ್ರಿಕೆಯಲ್ಲಿ ತೋರಿಸಿದರು. ಲೈಗೋ ಉಪಕರಣಗಳು ಗುರುತ್ವ ತರಂಗವನ್ನು ಮೊದಲ ಬಾರಿಗೆ ಹಿಡಿದದ್ದು 2015ರ ಸೆಪ್ಟೆಂಬರ್ 14ರಂದು. ಆ ಸುದ್ದಿ ಹೊರಬಿದ್ದು ವರ್ಷ ತುಂಬುವ ಮೊದಲೇ, 2017ರ ಜನವರಿಯಲ್ಲಿ, ವಿಶ್ವೇಶ್ವರರು ನಿಧನರಾದರು. ಬಡ್ತಿಯ ಸಮಿತಿಗಳು ನಲವತ್ತೈದು ವರ್ಷ ಕಾಯುವುದಿಲ್ಲ.

ಮತ್ತೆ ನಾರ್ಳೀಕರರಿಗೆ. ಮುಂಬಯಿಯಲ್ಲಿದ್ದಾಗಲೇ ಅವರು ಮರಾಠಿ ವಿಜ್ಞಾನ ಪರಿಷತ್ತಿನ ಕಥಾಸ್ಪರ್ಧೆಗೆ ‘ಕೃಷ್ಣವಿವರ’ ಎಂಬ ಕಥೆ ಬರೆದರು. ಹೆಸರಿನ ಪ್ರಭಾವ ತೀರ್ಪುಗಾರರ ಮೇಲೆ ಬೀಳಬಾರದೆಂದು ತಮ್ಮ ಇನಿಶಿಯಲ್‌ಗಳನ್ನು ತಿರುಗಿಸಿ ನಾರಾಯಣ ವಿನಾಯಕ ಜಗತಾಪ ಎಂಬ ಕಲ್ಪಿತ ಹೆಸರಿನಲ್ಲಿ ಕಳುಹಿಸಿದರು. ಬಹುಮಾನ ಬಂತು. ಅಲ್ಲಿಂದ ಮರಾಠಿ ವಿಜ್ಞಾನಕಥೆಗೆ ದೊರೆತ ಕಸುವು, 2014ರಲ್ಲಿ ಅವರ ಆತ್ಮಕಥೆಗೆ ಸಂದ ಸಾಹಿತ್ಯ ಅಕಾಡೆಮಿ ಪ್ರಶಸ್ತಿ, ಯಾವುದೂ ಎಚ್-ಸೂಚ್ಯಂಕವನ್ನು ಒಂದಂಶವೂ ಏರಿಸಲಿಲ್ಲ. ಬನಾರಸ್, ಕೇಂಬ್ರಿಜ್, ಮುಂಬಯಿ, ಪುಣೆ ಎಂಬ ನಾಲ್ಕು ನಗರಗಳ ಆ ಆತ್ಮಕಥೆಯನ್ನು ಅವರು ಬರೆದದ್ದು ಮರಾಠಿಯಲ್ಲಿ.